ನಾಮಿನಿ ಕೇಳದ ಅಡಿಕೆ

“ನಾಮಿನಿ ಯಾರ್ನ ಹಾಕ್ಲಿ ಮೇಡಂ?”

ಬ್ಯಾಂಕಿನ ಹುಡುಗಿ ಚೈತ್ರಾ ಕೇಳಿದ್ದು ಇಷ್ಟೇ. ಕೇಳಿ, ಪೆನ್ನನ್ನು ಫಾರಮ್ಮಿನ ಮೇಲೆ ಹಿಡಿದುಕೊಂಡು ಕಾದಳು. ಅರುಣಾ ಆ ಪೆನ್ನಿನ ತುದಿಯನ್ನೇ ನೋಡುತ್ತ ಕುಳಿತಳು. ಪಾಸ್‌ಬುಕ್ ಹಿಡಿದು ನಿಂತ ಸಾಲಿನಲ್ಲಿ ಯಾರೋ ಬೇಕೆಂದೇ ಕೆಮ್ಮಿದರು.

“ಅಂದ್ರೆ?”

“ಅಂದ್ರೆ ನಿಮ್ಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಎಫ್‌ಡಿ ದುಡ್ಡು ಯಾರಿಗೆ ಕೊಡ್ಬೇಕು ಅಂತ. ಯಜಮಾನ್ರ ಹೆಸ್ರು ಹೇಳ್ರಿ, ಬರ್ಕೊಂತೀನಿ.”

“ನಾಳೆ ಬರ್ತೀನಿ” ಎಂದು ಅರುಣಾ ಎದ್ದಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಬಾಗಿಲ ಬಳಿಯ ಸೆಕ್ಯುರಿಟಿಯವನಿಗೆ ಕಾರಣವಿಲ್ಲದೆ ನಮಸ್ಕಾರ ಮಾಡಿದಳು, ಬಿಸಿಲಿಗೆ ಬಂದಳು. ಅದು ಜನವರಿಯ ಮಾತು. ಆ ನಾಳೆ ಬರುವುದಕ್ಕೆ ಆಗಸ್ಟ್ ತಿಂಗಳಾಯಿತು.

ದುಡ್ಡು ಇದ್ದದ್ದು ಒಂಬತ್ತು ಲಕ್ಷ. ಹದಿನೆಂಟು ವರ್ಷದ ಸಂಸಾರದ ಬಾಬ್ತು ಅವಳ ಕೈಗೆ ಬಂದ ಇಡಿಗಂಟು ಅದು. ಗಂಡ ಸಿದ್ದಲಿಂಗೇಶ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಮನೆತನದವನು. ಮಕ್ಕಳಾಗಲಿಲ್ಲ. ಆ ದುಃಖವನ್ನು ಮೊದಮೊದಲು ಇಬ್ಬರೂ ಹಂಚಿಕೊಂಡಿದ್ದರು, ಬರಬರುತ್ತ ಅದು ಅವಳೊಬ್ಬಳ ಪಾಲಿಗೆ ಬಂತು. ಹೊಡೆತ ಬಡಿತ ಇರಲಿಲ್ಲ. ಮಾತು ಕಡಿಮೆಯಾಯಿತು, ಆಮೇಲೆ ಊಟದ ಹೊತ್ತು ಬೇರೆಯಾಯಿತು, ಆಮೇಲೆ ವಕೀಲರು ಬಂದರು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಂದು ಕಾಗದದಲ್ಲಿ ಬರೆದಿತ್ತು. ಒಪ್ಪಿಗೆ ಅವನದು, ಪರಸ್ಪರ ಎನ್ನುವುದನ್ನು ವಕೀಲರು ಸೇರಿಸಿದ್ದರು.

ತವರು ಜಗಳೂರು ಕಡೆಯ ಬಿಳಿಚೋಡು. ಅಪ್ಪ ಜಯದೇವಪ್ಪ ಕೇಸು ನಡೆಯುತ್ತಿರುವಾಗಲೇ ತೀರಿಕೊಂಡರು. ತಮ್ಮ ಮುರುಗೇಶಪ್ಪನಿಗೆ ಅಕ್ಕನ ಮೇಲೆ ಅಕ್ಕರೆಯೇನೋ ಇತ್ತು. ಆ ಒಂಬತ್ತು ಲಕ್ಷದ ಮೇಲೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿತ್ತು. “ದುಡ್ಡು ತಗಂಡು ಊರಿಗೆ ಬಾ ಅಕ್ಕ, ನನ್ನ ಹೆಸ್ರಲ್ಲಿ ಸೈಟು ತಗಳಾನ, ನಿನ್ನ ನೋಡ್ಕೊಳಾಕೆ ನಾವಿಲ್ವಾ?” ಎಂದಿದ್ದ. ನನ್ನ ದುಡ್ಡಿನ ಸೈಟು ನನ್ನ ಹೆಸರಲ್ಲಿ ಯಾಕಾಗಬಾರದು ಎಂದು ಅವಳು ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಅವನ ಫೋನು ಹಬ್ಬಕ್ಕೂ ಬರಲಿಲ್ಲ.

ಹಾಗಾಗಿ ಅವಳು ಚನ್ನಗಿರಿಯಲ್ಲೇ ಉಳಿದಳು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಶೀಟಿನ ಮನೆ, ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಕಟ್ಟೆ. ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ, ಗಿರಾಕಿ ಹೋದ ಮೇಲೆ ಮತ್ತೆ ಮಡಚುವ ಕೆಲಸ. ತಿಂಗಳಿಗೆ ಒಂಬತ್ತು ಸಾವಿರ. ಊರು ಚಿಕ್ಕದು. ಅಂಗಡಿಗೆ ಬಂದ ನಂಟರು ಅವಳನ್ನು ಕಂಡು ಮೊದಲು ತಬ್ಬಿಬ್ಬಾಗುತ್ತಿದ್ದರು, ಆಮೇಲೆ ಸೀರೆಯ ಸೆರಗನ್ನು ಅತಿಯಾಗಿ ಹೊಗಳುತ್ತಿದ್ದರು.

ಬ್ಯಾಂಕಿನಿಂದ ಬಂದ ದಿನ ಅರುಣಾ ಅಡುಗೆ ಕಟ್ಟೆಗೆ ಒರಗಿ ನಿಂತು, ಗೊತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ಕರೆದು ನೋಡಿದಳು. ಅವ್ವನೂ ಇಲ್ಲ, ಅಪ್ಪನೂ ಇಲ್ಲ. ತಮ್ಮನ ಹೆಸರು ಬರೆಸಿದರೆ ಮರುದಿನವೇ ಅವನಿಗೆ ಹೇಗೋ ಗೊತ್ತಾಗುತ್ತದೆ, ಅವಳು ಸಾಯುವವರೆಗೂ ಕಾಯುವಷ್ಟು ತಾಳ್ಮೆ ಅವನಿಗಿಲ್ಲ. ಅತ್ತೆ ಕೊಟ್ರಮ್ಮ ಇದ್ದಿದ್ದರೆ ಅವರ ಹೆಸರು ಬರೆಸಬಹುದಿತ್ತೇನೋ. ಅವರು ಹೋಗಿ ಆರು ವರ್ಷ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಸುಚಿತ್ರಾಳಿಗೆ ಇವಳ ಮೊಬೈಲ್ ನಂಬರು ಗೊತ್ತಿತ್ತೇ ಹೊರತು ಮನೆ ಗೊತ್ತಿರಲಿಲ್ಲ. ನಲವತ್ತೆರಡು ವರ್ಷ ಬದುಕಿದ ಮೇಲೆ, ಒಂದು ಗೆರೆ ತುಂಬಿಸುವುದಕ್ಕೆ ಒಬ್ಬರೂ ಇಲ್ಲ. ಅವಳಿಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ನಾಚಿಕೆ. ಆ ಚೈತ್ರಾ ಎಂಬ ಮೊನ್ನೆ ಮೊನ್ನೆಯ ಹುಡುಗಿಯ ಮುಂದೆ ಕುಳಿತು “ನನಗೆ ಯಾರೂ ಇಲ್ಲ” ಎನ್ನುವುದಕ್ಕಿಂತ ಆ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದಿರುವುದು ವಾಸಿ ಅನ್ನಿಸಿತು.

ಇಲ್ಲಿ ಚನ್ನಗಿರಿಯ ಮಂದಿಯ ಒಂದು ವಿಚಾರ ಹೇಳಬೇಕು. ಈ ಊರಿನ ಅಡಿಕೆ ಮನೆಗಳಲ್ಲಿ ದುಡ್ಡು ದುಡ್ಡಿನ ರೂಪದಲ್ಲಿ ಇರುವುದಿಲ್ಲ. ಅಟ್ಟದ ಮೇಲೆ ಚೀಲದಲ್ಲಿ ಇರುತ್ತದೆ. ಮಗಳ ಮದುವೆಯೋ, ಆಸ್ಪತ್ರೆಯೋ, ಹೊಸ ಬೈಕೋ ಬಂದಾಗ ನಾಲ್ಕು ಚೀಲ ಕೆಳಗಿಳಿಯುತ್ತವೆ. ಉಳಿದವು ರೇಟು ಏರಲಿ ಎಂದು ಕಾಯುತ್ತವೆ. ಹೆಂಗಸರಿಗೂ ಇದರಲ್ಲಿ ಒಂದು ಪಾಲುಂಟು: ಮರದಲ್ಲೇ ಹಣ್ಣಾಗಿ ತಾನಾಗಿ ಉದುರಿದ ಕಾಯಿ, ಗೋಟು ಎನ್ನುತ್ತಾರಲ್ಲ, ಅದನ್ನು ಆಯ್ದು ಒಣಗಿಸಿ ಮಾರಿದ ದುಡ್ಡು ಮನೆಯ ಹೆಂಗಸರದು. ಅದನ್ನು ಗಂಡಸರು ಕೇಳುವ ಹಾಗಿಲ್ಲ. ಕೊಟ್ರಮ್ಮ ತಮ್ಮ ಗೋಟಿನ ಚೀಲವನ್ನು ದೇವರ ಕೋಣೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. “ಅಡಿಕೆ ಬಾಯಿ ಬಿಡಲ್ಲ ಕಣೇ ಅರುಣಾ. ಎಷ್ಟೈತೆ, ಎಲ್ಲಿಂದ ಬಂತು, ಯಾರಿಗೆ ಅಂತ ಏನೂ ಕೇಳಲ್ಲ. ಸುಮ್ನೆ ಕುಂತಿರ್ತೈತೆ” ಎನ್ನುತ್ತಿದ್ದರು.

ಬ್ಯಾಂಕು ಕೇಳುತ್ತದೆ, ಅಡಿಕೆ ಕೇಳುವುದಿಲ್ಲ. ಅರುಣಾ ಮಲ್ಲೇಶಪ್ಪನಿಗೆ ಫೋನು ಮಾಡಿದಳು.

ಮಲ್ಲೇಶಪ್ಪ ಅವಳ ಗಂಡನ ಮನೆಗೆ ಬಂದು ಹೋಗುತ್ತಿದ್ದ ಚಿಲ್ಲರೆ ದಲ್ಲಾಳಿ. ಅವಳ ಕೈಯ ಚಹಾ ಕುಡಿದ ಋಣ ಅವನ ಮೇಲಿತ್ತು. ಅವನು ಒಂದು ಸಲ ಹೇಳಿ ನೋಡಿದ. “ಅಕ್ಕಾರೆ, ತಪ್ಪು ತಿಳ್ಕೋಬ್ಯಾಡ್ರಿ. ಶೀಟಿನ ಮನ್ಯಾಗೆ ಅಡಿಕೆ ಇಡಾಕೆ ಆಗ್ತೈತಾ?” ಅರುಣಾ ಹದಿನೆಂಟು ವರ್ಷ ಅಡಿಕೆ ಮನೆಯ ಸೊಸೆಯಾಗಿದ್ದವಳು. ಚೀಲವನ್ನು ಬರಿ ನೆಲಕ್ಕಿಡಬಾರದು, ಹಲಗೆ ಹಾಕಬೇಕು ಎಂಬುದು ನನಗೂ ಗೊತ್ತಿದೆ ಎಂದಳು. ಫೆಬ್ರುವರಿಯ ಒಂದು ಭಾನುವಾರ ಲಗೇಜ್ ಆಟೊದಲ್ಲಿ ಹನ್ನೆರಡು ಚೀಲ ಕೆಂಪಡಿಕೆ ಬಂತು. ಒಂಬತ್ತು ಲಕ್ಷದಲ್ಲಿ ನಾಲ್ಕೂವರೆ ಚೆಕ್ಕಿನಲ್ಲಿ ಅದಕ್ಕೆ ಹೋಯಿತು, ಉಳಿದದ್ದು ಖಾತೆಯಲ್ಲೇ ಬಿದ್ದಿತ್ತು. ಹಮಾಲರು ಮಂಚವನ್ನು ಈ ಗೋಡೆಗೆ ಸರಿಸಿ, ಆ ಗೋಡೆಗೆ ಆತು ಚೀಲ ಪೇರಿಸಿ ಹೋದರು. ಕೋಣೆಯಲ್ಲಿ ಉಳಿದದ್ದು ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ.

ಹಮಾಲರು ಹೋದ ಮೇಲೆ ಅವಳು ಬಾಗಿಲು ಹಾಕಿದಳು. ಆಗ ವಾಸನೆ ಬಂತು. ಬೇಯಿಸಿ ಒಣಗಿಸಿದ ಅಡಿಕೆಯ ಒಗರು ವಾಸನೆ. ಆ ಮನೆಯ ಅಟ್ಟದ್ದು, ಅತ್ತೆಯ ಸೆರಗಿನದು, ಸುಗ್ಗಿಯಲ್ಲಿ ಅಂಗಳದ ತುಂಬ ಹೆಂಗಸರು ಕುಳಿತು ಸುಲಿಯುತ್ತ ಒಬ್ಬರನ್ನೊಬ್ಬರು ರೇಗಿಸುತ್ತಿದ್ದ ದಿನಗಳದು. ಅರುಣಾ ಒಂದು ಚೀಲದ ಮೇಲೆ ಕೈಯಿಟ್ಟು ನಿಂತಳು. ಕೋರ್ಟಿನಲ್ಲಿ ಅಳದವಳು ಅಲ್ಲಿ ಅತ್ತಳು, ಮತ್ತು ಅತ್ತ ಮೇಲೆ ಬಹಳ ದಿನದಿಂದ ಇಲ್ಲದ ಹಸಿವಾಯಿತು.

ಪಕ್ಕದ ಮನೆಯ ಗಾದ್ರಮ್ಮನಿಗೆ ಈ ವಾಸನೆ ಆಗಿಬರಲಿಲ್ಲ. ಅವಳೂ ಜಗಳೂರು ಸೀಮೆಯವಳೇ. ಗಂಡ ಸತ್ತ ಮೇಲೆ ಅಡಿಕೆ ಸುಲಿಯುವ ಕೂಲಿಗೆ ಚನ್ನಗಿರಿಗೆ ಬಂದು ಇಲ್ಲೇ ನಿಂತವಳು. ಅರವತ್ತೈದರ ಮೇಲಾಗಿತ್ತು, ಬಾಯಿ ಮಾತ್ರ ಇಪ್ಪತ್ತೈದರದು. “ದಿನಾ ಅದ್ರಾಗೇ ಬಿದ್ದು ಬರ್ತೀನಿ ಅಂತೀನಿ, ಮನೀಗ್ ಬಂದ್ರೂ ಅದೇ ವಾಸ್ನೆ. ಯಾರವ್ವ ಇದು, ಅಡಿಕೇನ ಮಗ್ಗುಲಾಗೆ ಮಲಗಿಸ್ಕೊಳ್ಳೋದು?” ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದಳು. ಅರುಣಾ ನಕ್ಕು ಒಳಗೆ ಹೋದಳು. ಮಾತು ಬೆಳೆಸಿದರೆ ಗಂಡ ಯಾರು, ಮಕ್ಕಳೆಷ್ಟು ಎಂದು ಶುರುವಾಗುತ್ತದೆ ಎಂಬ ಭಯ ಅವಳಿಗೆ.

ಮೇ ತಿಂಗಳಲ್ಲಿ ರೇಟು ಏರಿತು. ಮಲ್ಲೇಶಪ್ಪ ತಾನಾಗಿ ಫೋನು ಮಾಡಿದ. “ಅಕ್ಕಾರೆ, ಈಗ ಕೊಟ್ಟುಬಿಡ್ರಿ. ಚೀಲಕ್ಕೆ ಮೂರು ಸಾವ್ರದ ಮ್ಯಾಲೆ ಉಳೀತೈತೆ. ಇನ್ನೇನು ಮಳಿ ಹಿಡೀತೈತೆ.”

“ಇನ್ನೂ ಏರುತ್ತೇನೋ ನೋಡೋಣ ಮಲ್ಲೇಶಪ್ಪ.”

ಇದು ಆಸೆಬುರುಕಿಯ ಮಾತು ಎಂದು ಮಲ್ಲೇಶಪ್ಪ ತಿಳಿದ. ಊರಿನ ಎಲ್ಲ ಅಡಿಕೆ ಮನೆಯ ಗಂಡಸರೂ ಆಡುವ ಮಾತೇ ಆದ್ದರಿಂದ ಅವನಿಗೆ ಅನುಮಾನ ಬರಲಿಲ್ಲ. ನಿಜ ಬೇರೆಯಿತ್ತು. ಫೋನಿಟ್ಟ ಮೇಲೆ ಅರುಣಾ ಆ ಗೋಡೆಯನ್ನು ಚೀಲಗಳಿಲ್ಲದೆ ಊಹಿಸಿಕೊಳ್ಳಲು ನೋಡಿದಳು. ಅಷ್ಟು ಖಾಲಿ ಕೋಣೆಗೆ ಹೆದರಿದಳು. ಸಂಜೆ ಅಂಗಡಿಯಿಂದ ಬಂದು ಬೀಗ ತೆಗೆದರೆ ಎದುರಿಗೆ ಏನೋ ಒಂದು ತನ್ನದಾಗಿ ಕುಳಿತಿರುತ್ತಿತ್ತು. ಅದು ಊಟ ಆಯಿತೇ ಎಂದು ಕೇಳುತ್ತಿರಲಿಲ್ಲ, ನಿಜ. ಕೋಣೆ ತುಂಬಿದಂತೆ ಕಾಣುತ್ತಿತ್ತು, ಅಷ್ಟೇ ಅವಳಿಗೆ ಸಾಕಾಗಿತ್ತು. ಮಾರಿದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಬ್ಯಾಂಕಿಗೆ ಹೋಗಬೇಕು, ಬ್ಯಾಂಕಿಗೆ ಹೋದರೆ ಆ ಹುಡುಗಿ ಮತ್ತೆ ಪೆನ್ನು ಹಿಡಿದು ಕಾಯುತ್ತಾಳೆ. ಬೇಡ, ಇರಲಿ.

ಮಳೆ ಹಿಡಿಯಿತು. ಆ ವರ್ಷ ಜುಲೈ ಪೂರ್ತಿ ಬಿಸಿಲು ಮುಖ ತೋರಿಸಲಿಲ್ಲ. ಅರುಣಾ ಚೀಲಗಳ ಕೆಳಗೆ ಹಲಗೆ ಹಾಕಿಸಿದ್ದಳು, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಳು. ಒಂದನ್ನು ಮಾತ್ರ ವಿಚಾರಿಸಿರಲಿಲ್ಲ: ಆ ಗೋಡೆಯ ಆಚೆ ಏನಿದೆ? ಗಂಡನ ಮನೆಯಲ್ಲಿ ಗೋಡೆಯ ಆಚೆಯೂ ಅವರ ಮನೆಯೇ ಇತ್ತು, ಕೇಳುವ ಪ್ರಮೇಯ ಬಂದಿರಲಿಲ್ಲ. ಇಲ್ಲಿ ಆಚೆಗಿದ್ದದ್ದು ಮನೆ ಓನರ್‌ನ ಬಚ್ಚಲು.

ಮೊದಲು ಹೇಳಿದವಳು ಗಾದ್ರಮ್ಮ. ಆಗಸ್ಟಿನ ಒಂದು ಬೆಳಿಗ್ಗೆ ಬಾಗಿಲಿಗೆ ಬಂದು, ಮೂಗು ಹಿಡಿಯಲಿಲ್ಲ, ರೇಗಿಸಲೂ ಇಲ್ಲ. “ಅವ್ವಾ, ವಾಸ್ನೆ ಬದಲಾಗೈತೆ. ಬೂಸ್ಟು ಹಿಡಿದಂಗೈತೆ. ಒಂದ್ಸಲ ಬಿಚ್ಚಿ ನೋಡು” ಎಂದಳು.

“ಏನೂ ಆಗಿಲ್ಲ ಗಾದ್ರಮ್ಮ.”

“ಮೂವತ್ತು ವರ್ಷ ಸುಲ್ದೀನಿ. ಸರ್ಕೊ ಅತ್ಲಾಗೆ.”

ಇಬ್ಬರೂ ಸೇರಿ ಮುಂದಿನ ಸಾಲಿನ ಚೀಲಗಳನ್ನು ಎಳೆದರು. ಅವು ಚೆನ್ನಾಗಿದ್ದವು. ಗೋಡೆಗೆ ಆತುಕೊಂಡಿದ್ದ ಹಿಂದಿನ ಸಾಲಿನ ಬೆನ್ನು ಒದ್ದೆ ಹಿಡಿದು ಕಪ್ಪಾಗಿತ್ತು. ಬಾಯಿ ಬಿಚ್ಚಿ ಕೈ ಹಾಕಿದರೆ ಅಡಿಕೆಯ ಮೇಲೆ ಬಿಳಿ ಬೂಸ್ಟು. ಅರುಣಾ ಒಂದು ಹಿಡಿ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು, ಇನ್ನೊಂದು ಹಿಡಿ ತೆಗೆದು ಒರೆಸಿದಳು. ಎಲ್ಲವನ್ನೂ ಹೀಗೆ ಒರೆಸಿಬಿಟ್ಟರೆ ಸರಿಹೋದೀತು ಎನ್ನುವ ಹಾಗೆ ಒರೆಸುತ್ತಲೇ ಇದ್ದಳು. ಗಾದ್ರಮ್ಮ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಅರುಣಾಳ ಮೈಯನ್ನು ಇನ್ನೊಬ್ಬರ ಕೈ ಮುಟ್ಟಿ ಎಷ್ಟು ಕಾಲವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಮಲ್ಲೇಶಪ್ಪ ಬಂದ. ನೋಡಿದ. ತಲೆ ಕೆರೆದುಕೊಂಡ. ರೇಟೂ ಇಳಿದಿತ್ತು, ಮಾಲೂ ಕೆಟ್ಟಿತ್ತು. ಕೊನೆಗೆ ದನಿ ತಗ್ಗಿಸಿ ಒಂದು ದಾರಿ ಹೇಳಿದ. “ಒಂದ್ ಮಾತು ಅಕ್ಕಾರೆ. ನಿಮ್ಮ ಹೆಸ್ರಾಗೆ ಮಾಲು ಹಾಕಿದ್ರೆ ಇವ್ಳು ಯಾರು, ತೋಟ ಎಲ್ಲೈತೆ ಅಂತ ಅಡಿಕೆ ಮಂಡಿಯಾಗೆ ನೂರೆಂಟು ಕೇಳ್ತಾರೆ, ರೇಟು ಕಡೀತಾರೆ. ಸಿದ್ದಲಿಂಗೇಶಣ್ಣನ ಹೆಸ್ರಾಗೆ ಹಾಕಿದ್ರೆ ಯಾರೂ ಮಾತಾಡಲ್ಲ. ಒಳ್ಳೇವು, ಕೆಟ್ಟವು ಅವ್ರ ಮಾಲಿನ ಜೊತಿಗೇ ಹೋಗ್ತಾವೆ. ನಾನ್ ಕೇಳ್ಲಾ ಅವ್ರನ್ನ? ಇಲ್ಲ ಅನ್ನಲ್ಲ ಅವ್ರು.”

ಇಲ್ಲ ಅನ್ನುವುದಿಲ್ಲ ಎಂಬುದು ಅರುಣಾಳಿಗೂ ಗೊತ್ತಿತ್ತು. ಸಿದ್ದಲಿಂಗೇಶ ಕೆಟ್ಟವನಲ್ಲ, ಅದೇ ತೊಂದರೆ. ಅವನು ಮಾಡಿಕೊಡುತ್ತಾನೆ, ಈಚೆಗೆ ಮದುವೆಯಾದ ಹೊಸ ಹೆಂಡತಿಗೆ ಹೇಳುತ್ತಾನೆ, ಇಬ್ಬರೂ ಪಾಪ ಎನ್ನುತ್ತಾರೆ. ಆ ಪಾಪ ಎಂಬ ಮಾತನ್ನು ಅವಳು ಮುಂಚೆಯೇ ಕೇಳಿಸಿಕೊಂಡಳು. ಕೈಯಲ್ಲಿ ಫೋನಿತ್ತು, ನಂಬರೂ ಬಾಯಿಪಾಠವಿತ್ತು. “ಬೇಡ. ನೀನೇ ತಗೊಂಡ್ಹೋಗು. ಎಷ್ಟು ಬರುತ್ತೋ ಅಷ್ಟು ಬರಲಿ” ಎಂದಳು. ಬಂದದ್ದು ಮೂರೂ ಕಾಲು ಲಕ್ಷ. ಕಳೆದದ್ದು ಒಂದೂ ಕಾಲು. ಹದಿನಾಲ್ಕು ತಿಂಗಳು ಸೀರೆ ಬಿಚ್ಚಿ ಮಡಚಿದರೆ ಬರುವ ಸಂಬಳ.

ಚೀಲ ಹೋದ ಮೇಲೆ ಕೋಣೆ ಅವಳು ಹೆದರಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಹೆಜ್ಜೆ ಇಟ್ಟರೆ ಸದ್ದು ವಾಪಸು ಬರುತ್ತಿತ್ತು. ಗೋಡೆಯ ಮೇಲೆ ಚೀಲಗಳಷ್ಟು ಎತ್ತರಕ್ಕೆ ಕಪ್ಪು ಕಲೆ ಉಳಿದಿತ್ತು.

ಸೋಮವಾರ ಅಂಗಡಿಗೆ ಅರ್ಧ ದಿನ ರಜೆ ಹೇಳಿ ಬ್ಯಾಂಕಿಗೆ ಹೋದಳು. ಅದೇ ಕೌಂಟರು, ಅದೇ ಚೈತ್ರಾ, ಅದೇ ಬಣ್ಣದ ಫಾರಮ್ಮು. ಹುಡುಗಿಗೆ ಇವಳ ಗುರುತೂ ಹತ್ತಿದಂತೆ ಕಾಣಿಸಿತು. ವಿಳಾಸ ಬರೆದಳು, ಆಧಾರ್ ನಂಬರು ಬರೆದಳು, ಪೆನ್ನು ಆ ಗೆರೆಗೆ ಬಂದು ನಿಂತಿತು.

“ನಾಮಿನಿ, ಮೇಡಂ?”

ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದಿದ್ದ ಮಾತನ್ನು ಅರುಣಾ ಆಡಿದಳು. “ನನಗೆ ಯಾರೂ ಇಲ್ಲಮ್ಮ.”

ಆಡಿ, ತಲೆ ತಗ್ಗಿಸಿ, ಮುಂದೆ ಆಗಬೇಕಾದದ್ದಕ್ಕೆ ಕಾದಳು. ಸಾಲಿನಲ್ಲಿದ್ದವರು ತಿರುಗಿ ನೋಡಲಿಲ್ಲ. ಫ್ಯಾನು ತಿರುಗುತ್ತಿತ್ತು. ಚೈತ್ರಾ ಫಾರಮ್ಮಿನ ಹಾಳೆ ತಿರುವಿದಳು.

“ಇಲ್ಲಾಂದ್ರೆ ಬ್ಯಾಡ ಬಿಡ್ರಿ. ನಾಮಿನಿ ಬ್ಯಾಡ ಅಂತ ಇಲ್ಲಿ ಟಿಕ್ ಮಾಡಿ, ಕೆಳಗೊಂದು ಸಹಿ ಹಾಕ್ರಿ. ಮುಂದೆ ಯಾವಾಗ ಬೇಕಾದ್ರೂ ಸೇರಿಸಾಕೆ ಬರ್ತೈತೆ.”

ಅರುಣಾ ತಲೆಯೆತ್ತಿದಳು. “ಹಾಕದಿದ್ರೂ ನಡೆಯುತ್ತಾ?”

“ಹ್ಞೂಂ ಮೇಡಂ. ಕಡ್ಡಾಯ ಏನಲ್ಲ. ಇದ್ರೆ ಒಳ್ಳೇದು, ಅಷ್ಟೇ.”

“ಅವತ್ತೇ ಹೇಳಬಾರದಿತ್ತಾ?”

ಹುಡುಗಿ ಗಾಬರಿಯಾದಳು. “ನೀವು ಕೇಳ್ಲಿಲ್ಲವಲ್ಲ ಮೇಡಂ. ನಾಳೆ ಬರ್ತೀನಿ ಅಂದ್ರಿ, ಹೋದ್ರಿ.”

ಹೌದು, ಕೇಳಲಿಲ್ಲ. ಏಳು ತಿಂಗಳು, ಒಂದೂ ಕಾಲು ಲಕ್ಷ, ಕೆಟ್ಟುಹೋದ ಅಡಿಕೆ, ಎಲ್ಲ ಸೇರಿ ಒಂದು ಪ್ರಶ್ನೆ ಕೇಳದ್ದಕ್ಕೆ ಬಿದ್ದ ದಂಡ. ಅರುಣಾಳಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿಯುವಷ್ಟರಲ್ಲಿ ಅದು ಅಳುವಾಗಿತ್ತು. ಚೈತ್ರಾ ತನ್ನ ನೀರಿನ ಬಾಟಲಿಯನ್ನು ಕೌಂಟರಿನ ಕಿಂಡಿಯಿಂದ ಈಚೆ ತಳ್ಳಿದಳು.

ನೀರು ಕುಡಿದು ಅರುಣಾ ಕೇಳಲು ಶುರುಮಾಡಿದಳು. ಬಡ್ಡಿ ಎಷ್ಟು? ಪ್ರತಿ ತಿಂಗಳು ಖಾತೆಗೆ ಹಾಕಿಸಿಕೊಳ್ಳಬಹುದೇ, ಅಲ್ಲೇ ಬೆಳೆಯಲು ಬಿಟ್ಟರೆ ಎಷ್ಟಾಗುತ್ತದೆ? ನಡುವೆ ಆಸ್ಪತ್ರೆ ಗೀಸ್ಪತ್ರೆ ಬಂದರೆ ಮುರಿಸಬಹುದೇ, ಮುರಿಸಿದರೆ ಎಷ್ಟು ಕಡಿಯುತ್ತಾರೆ? ಎಲ್ಲವನ್ನೂ ಒಂದೇ ರಸೀದಿ ಮಾಡಿಸುವ ಬದಲು ನಾಲ್ಕಾಗಿ ಒಡೆದರೆ ಒಂದನ್ನಷ್ಟೇ ಮುರಿಸಿ ಉಳಿದವನ್ನು ಹಾಗೇ ಬಿಡಬಹುದಲ್ಲವೇ? ಈ ಕೊನೆಯದನ್ನು ಅವಳು ತಾನೇ ಯೋಚಿಸಿದ್ದು. ಅಟ್ಟದಿಂದ ಬೇಕಾದಷ್ಟೇ ಚೀಲ ಇಳಿಸುವ ಲೆಕ್ಕ. ಸಾಲಿನಲ್ಲಿದ್ದವರು ಗೊಣಗಿದರು, ಒಬ್ಬ ಹಿರಿಯರು “ಮನೀಗೋಗಿ ಗಂಡಸರನ್ನ ಕೇಳಮ್ಮ” ಎಂದರು. “ಮನ್ಯಾಗೆ ಯಾರೂ ಇಲ್ರಿ, ಅದಕ್ಕೇ ಇಲ್ಲಿ ಕೇಳ್ತಿದೀನಿ” ಎಂದಳು ಅರುಣಾ. ಎರಡನೆಯ ಸಲಕ್ಕೆ ಆ ಮಾತು ಅಷ್ಟು ಭಾರವಾಗಲಿಲ್ಲ. ಆದರೆ ಸುಳ್ಳೂ ಆಗಲಿಲ್ಲ.

ನಾಲ್ಕು ರಸೀದಿ ಬಂದವು. ನಾಲ್ಕರಲ್ಲೂ ನಾಮಿನಿ ಇಲ್ಲ ಎಂದು ಅಚ್ಚಾಗಿತ್ತು. ಮನೆಗೆ ಬಂದು ಅವನ್ನು ಟ್ರಂಕಿನಲ್ಲಿಟ್ಟು, ಕಸಬರಿಗೆ ತೆಗೆದುಕೊಂಡು ಖಾಲಿ ಜಾಗ ಗುಡಿಸಿದಳು. ಮಂಚದ ಕೆಳಗಿನಿಂದ ಒಂದು ಅಡಿಕೆ ಉರುಳಿ ಬಂತು. ಒಣಗಿ ಗಟ್ಟಿಯಾಗಿತ್ತು, ಬೂಸ್ಟು ಸೋಕಿರಲಿಲ್ಲ. ಮೂಗಿಗೆ ಹಿಡಿದಳು. ಅದೇ ವಾಸನೆ. ಅದನ್ನು ಇಟ್ಟುಕೊಳ್ಳುವ ಮನಸ್ಸಾಯಿತು. ಇಟ್ಟುಕೊಳ್ಳಲಿಲ್ಲ, ಎದ್ದು ಪಕ್ಕದ ಮನೆಗೆ ಹೋದಳು.

ಗಾದ್ರಮ್ಮ ಹೊಸಿಲ ಮೇಲೆ ಎಲೆ ಮಡಚುತ್ತ ಕುಳಿತಿದ್ದಳು. ಅಡಿಕೆಯನ್ನು ತಿರುಗಿಸಿ ನೋಡಿ, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಂದನ್ನು ಎಲೆಗೆ ಸೇರಿಸಿ ಅರುಣಾಳಿಗೆ ಕೊಟ್ಟಳು. “ಹನ್ನೆರಡು ಚೀಲದಾಗೆ ಇದೊಂದು ಉಳೀತಾ? ಕುಂತ್ಕೊ” ಎಂದಳು.

ಅರುಣಾ ಕುಳಿತಳು. ಇಬ್ಬರೂ ಅಗಿದರು. ಓಣಿಯಲ್ಲಿ ಹೊನ್ನಾಳಿ ಬಸ್ಸಿಗೆ ಓಡುವವರು ಓಡುತ್ತಿದ್ದರು.

“ಗಾದ್ರಮ್ಮ, ನಿನ್ನ ಆಧಾರ್ ಕಾರ್ಡಲ್ಲಿ ಪೂರ್ತಿ ಹೆಸರು ಏನಂತಿದೆ?”

“ಯಾಕವ್ವಾ? ಯಾವ್ದಾರ ಸ್ಕೀಮು ಬಂತಾ?”

“ಇಲ್ಲ. ಕೇಳಬೇಕು ಅನ್ನಿಸ್ತು.”

“ಗಾದ್ರಮ್ಮ, ಅಷ್ಟೇ. ಮುಂದೆ ಹಿಂದೆ ಏನೂ ಇಲ್ಲ. ಇರೋರು ಯಾರೈದಾರೆ ಹಾಕ್ಕಳಾಕೆ?” ಎಂದು ನಕ್ಕು ಗಾದ್ರಮ್ಮ ಬೀದಿಗೆ ಉಗಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಗುವಾಗ ಉಸಿರು ಹಿಡಿಯುತ್ತಿತ್ತು.

ಅರುಣಾ ಅವಳನ್ನು ನೋಡಿದಳು. ತನಗಿಂತ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದೊಡ್ಡವಳು. ಬರೆಸಿದರೂ ಆ ಹೆಸರು ತನಗಿಂತ ಮೊದಲೇ ಹೋಗುತ್ತದೆ, ಆ ಗೆರೆ ಮತ್ತೆ ಖಾಲಿಯಾಗುತ್ತದೆ. ಅಷ್ಟು ಲೆಕ್ಕ ಈಗ ಅವಳಿಗೂ ಬರುತ್ತಿತ್ತು. ಆದರೂ ನಾಳೆ ಚೈತ್ರಾಳನ್ನು ಕೇಳಬೇಕು, ನಂಟಸ್ತಿಕೆ ಇಲ್ಲದವರ ಹೆಸರು ಹಾಕಿದರೆ ನಡೆಯುತ್ತದೆಯೇ ಎಂದು.